ನಿಯಮದಂತಿಲ್ಲದ ಕೇಕು

ಬಸ್ಸು ಥಾರ್ನ್‌ಕ್ಲಫ್ ಬಿಟ್ಟಾಗಿನಿಂದ ಹಿಲ್ಡಾ ಎಂಟ್ವಿಸಲ್ ತೊಡೆಯ ಮೇಲಿನ ಹೆಣಿಗೆ ಚೀಲವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡೇ ಕೂತಿದ್ದಳು. ಮೇಲೆ ಕಾಣುತ್ತಿದ್ದದ್ದು ಬೂದು ಉಣ್ಣೆಯ ಉಂಡೆಗಳು. ಅವುಗಳ ಕೆಳಗೆ ಒಂದು ತಗಡಿನ ಡಬ್ಬಿ, ಡಬ್ಬಿಯೊಳಗೆ ಬೆಳಕು ಹರಿಯುವ ಹೊತ್ತಿಗೆ ಎದ್ದು, ಯಾರಿಗೂ ಹೇಳದೆ ಬೇಯಿಸಿದ ಸ್ಪಂಜ್ ಕೇಕು. ರಸ್ತೆಯಲ್ಲಿ ಒಂದು ಗುಂಡಿ ಬಂದರೆ ಸಾಕು, ಅವಳ ಜೀವ ಬಾಯಿಗೆ ಬರುತ್ತಿತ್ತು.

ಅದು ಚರ್ಚಿನ ಹೆಂಗಸರ ಸಂಘದ ವಾರ್ಷಿಕ ಪ್ರವಾಸ. ಮಿಲ್ಲು ಮುಚ್ಚಿದ ಮೇಲೆ ನಮ್ಮ ಊರಿನಲ್ಲಿ ಉಳಿದಿದ್ದ ಸಂಭ್ರಮಗಳಲ್ಲಿ ಅದೂ ಒಂದು. ಈ ಸಲ ಹೊರಟಿದ್ದು ಲಾರ್ಡ್ ಒಬ್ಬರ ಕಾಲ್ಡರ್‌ವಿಕ್ ಹಾಲ್ ಎಂಬ ಬಂಗಲೆಗೆ. ಮನೆ ನೋಡುವುದು, ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚುವುದು, ಸಂಜೆ ಹಾಡು ಹೇಳಿಕೊಂಡು ವಾಪಸು ಬರುವುದು. ಯಾರು ಏನು ತರಬೇಕೆಂದು ಸಂಘದ ಅಧ್ಯಕ್ಷೆ ಮಿಸೆಸ್ ಕ್ಲೆಗ್ ಅವರು ಬರೆದು ಚರ್ಚಿನ ಬಾಗಿಲಿಗೆ ಅಂಟಿಸಿದ್ದರು. ಕೇಕಿನ ಮುಂದೆ ಅವರದೇ ಹೆಸರು. ಹಿಲ್ಡಾಳ ಹೆಸರಿನ ಮುಂದೆ ಇದ್ದದ್ದು, ಪೇಪರ್ ನ್ಯಾಪ್ಕಿನ್.

ಇದರ ಅರ್ಥ ಹೊರಗಿನವರಿಗೆ ಆಗಲಿಕ್ಕಿಲ್ಲ. ಸಂಘದ ಯಾವ ಚಹಾಕೂಟವೇ ಇರಲಿ, ಕೇಕು ಹಿಲ್ಡಾಳದು ಎಂಬುದು ಥಾರ್ನ್‌ಕ್ಲಫ್‌ನಲ್ಲಿ ಹುಡುಗಿಯರು ಹೆಂಗಸರಾಗುವಷ್ಟು ಕಾಲ ನಡೆದುಬಂದಿತ್ತು. ಪಾದ್ರಿಗಳು ಬದಲಾದರು, ಕೇಕು ಬದಲಾಗಲಿಲ್ಲ. ಆಮೇಲೆ ಅವಳ ಗಂಡ ವಿಲ್ಫ್ ತೀರಿಕೊಂಡ. ಅವನು ಸತ್ತ ವರ್ಷದ ಸುಗ್ಗಿಯ ಚಹಾಕೂಟಕ್ಕೆ ಹಿಲ್ಡಾ ಕೇಕು ಮಾಡಿದಳು. ಮಾಡುವಾಗ ಮನಸ್ಸು ಎಲ್ಲಿತ್ತೋ, ಸಕ್ಕರೆ ಹಾಕುವುದನ್ನೇ ಮರೆತಳು. ಮೊದಲ ತುತ್ತಿನಲ್ಲೇ ಎಲ್ಲರಿಗೂ ಗೊತ್ತಾಯಿತು. ಆದರೆ ನಮ್ಮವರು ಸಾಯುತ್ತಾರೆಯೇ ಹೊರತು ಊಟದ ಮೇಜಿನಲ್ಲಿ ಇಂಥ ಮಾತು ಆಡುವುದಿಲ್ಲ. ಒಬ್ಬರೂ ತುಟಿ ಬಿಚ್ಚದೆ, ಹಿಟ್ಟಿನ ಮುದ್ದೆಯನ್ನು ಚಹಾದ ಜೊತೆ ನುಂಗಿದರು. ಮಿಸೆಸ್ ಕ್ಲೆಗ್ ಅಂತೂ ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡರು. "ತುಂಬ ಚೆನ್ನಾಗಿದೆ ಹಿಲ್ಡಾ," ಎಂದರು.

ಆ ಎರಡನೆಯ ತುಂಡು ಹಿಲ್ಡಾಳ ಎದೆಯಲ್ಲಿ ಇವತ್ತಿಗೂ ಚುಚ್ಚುತ್ತಿತ್ತು. ಥೂ ಎಂದು ಉಗುಳಿದ್ದರೆ ಅವಳೂ ನಕ್ಕು, ಅತ್ತು, ಮುಂದಿನ ವಾರ ಸರಿಯಾದ ಕೇಕು ತಂದುಬಿಡುತ್ತಿದ್ದಳು. ಯಾರೂ ಏನೂ ಹೇಳಲಿಲ್ಲ. ಮುಂದಿನ ಕೂಟಕ್ಕೆ ಅವಳ ಹೆಸರಿನ ಮುಂದೆ ಬಿಸ್ಕತ್ತು ಬಂತು, ಅದರ ಮುಂದಿನದಕ್ಕೆ ನ್ಯಾಪ್ಕಿನ್ ಬಂತು. "ನೀನು ಸ್ವಲ್ಪ ಸುಧಾರಿಸಿಕೋಮ್ಮ," ಎಂದು ಕೈ ಸವರಿದರು. ಸತ್ತವನು ವಿಲ್ಫ್, ಕೈಬಿಟ್ಟದ್ದು ತನ್ನನ್ನು ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು. ಅದಕ್ಕೇ ಈ ಡಬ್ಬಿ. ಕೆರೆಯ ದಂಡೆಯಲ್ಲಿ ಮುಚ್ಚಳ ತೆಗೆದು ಎಲ್ಲರ ಬಾಯಿಗೂ ಒಂದೊಂದು ತುಂಡು ಬಿದ್ದರೆ, ತನ್ನ ಕೇಕಿನ ಜಾಗ ತನಗೆ ಮರಳಿ ಸಿಗುತ್ತದೆ ಎಂಬುದು ಅವಳ ಲೆಕ್ಕಾಚಾರ.

ಪಕ್ಕದಲ್ಲಿ ಕೂತಿದ್ದ ಎಡ್ನಾ ಪಿಲ್ಕಿಂಗ್ಟನ್ ಮೂಗು ಅರಳಿಸಿದಳು. ಇಬ್ಬರೂ ಮಿಲ್ಲಿನಲ್ಲಿ ಅಕ್ಕಪಕ್ಕದ ಮಗ್ಗಗಳಲ್ಲಿ ದುಡಿದವರು.

"ಏನೇ ಅದು, ಘಮ್ ಅಂತಿದೆ?"

"ಉಣ್ಣೆ ಕಣೇ."

"ಉಣ್ಣೆ ಯಾವಾಗಿಂದ ವೆನಿಲ್ಲಾ ವಾಸ್ನೆ ಬರೋಕೆ ಶುರುವಾಯ್ತು?"

"ಹೊಸ ಉಣ್ಣೆ."

"ಹಂಗಾದ್ರೆ ನಂಗೂ ಒಂದು ಸ್ವೆಟರ್ ಹೆಣೆದುಕೊಡು, ತಿಂದ್ಕೊಂಡು ಓಡಾಡ್ತೀನಿ," ಎಂದು ಎಡ್ನಾ ಕಿಟಕಿಯ ಕಡೆ ತಿರುಗಿದಳು. ಮುಂದೆ ಕೇಳಲಿಲ್ಲ. ಕೇಳಬಾರದು ಎಂದಲ್ಲ, ತಾನಾಗಿ ಹೊರಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಬಸ್ಸು ಕಾಲ್ಡರ್‌ವಿಕ್ ಹಾಲ್‌ನ ಹಿಂದಿನ ಕುದುರೆಲಾಯದ ಅಂಗಳದಲ್ಲಿ ನಿಂತಿತು. ಮಿಸೆಸ್ ಕ್ಲೆಗ್ ಟೋಪಿ ಸರಿಮಾಡಿಕೊಂಡು ಎಲ್ಲರ ತಲೆ ಎಣಿಸಿದರು. "ದೊಡ್ಡ ಚೀಲ ಯಾವುದೂ ಮನೆಯೊಳಗೆ ತರೋ ಹಾಗಿಲ್ಲ. ಬಸ್ಸಲ್ಲೇ ಬಿಟ್ಟುಬನ್ನಿ," ಎಂದರು.

ಹಿಲ್ಡಾ ಬಸ್ಸನ್ನು ನೋಡಿದಳು. ಡ್ರೈವರು ಕಿಟಕಿಗಳನ್ನೆಲ್ಲ ಮುಚ್ಚುತ್ತಿದ್ದ. ಜುಲೈ ತಿಂಗಳ ಬಿಸಿಲು ಅಪರೂಪಕ್ಕೆ ಕಾಯುತ್ತಿತ್ತು. ಮಧ್ಯಾಹ್ನದವರೆಗೆ ಆ ಬಸ್ಸಿನಲ್ಲಿ ಬಿಟ್ಟರೆ ಜ್ಯಾಮು ಕರಗಿ ಹರಿದು ಕೇಕು ಪಾಯಸವಾಗುತ್ತದೆ. "ನೀವು ಹೋಗ್ತಿರಿ, ಬಾತ್‌ರೂಮಿಗೆ ಹೋಗಿ ಬರ್ತೀನಿ," ಎಂದು ಎಡ್ನಾಳಿಗೆ ಹೇಳಿ, ಚೀಲ ಎತ್ತಿಕೊಂಡು ನೆರಳು ಹುಡುಕುತ್ತ ಹೊರಟಳು.

ಲಾಯದ ಮೂಲೆ ತಿರುಗಿದರೆ ಒಂದು ದೊಡ್ಡ ಬಿಳಿ ಶಾಮಿಯಾನ. ಅದರ ಹಿಂಬದಿಯಲ್ಲಿ ಒಂದು ಮೇಜು. ಮೇಜಿನ ಮುಂದೆ ಹೆಂಗಸರ ಸಾಲು, ಎಲ್ಲರ ಕೈಯಲ್ಲೂ ತಿಂಡಿಯ ಡಬ್ಬಿ. ಹಿಲ್ಡಾಳಿಗೆ ಹೋದ ಜೀವ ಬಂದಂತಾಯಿತು. ಎಷ್ಟಾದರೂ ದೊಡ್ಡವರ ಮನೆ; ಚೀಲ ಒಳಗೆ ಬೇಡ ಎನ್ನುವವರು ಬುತ್ತಿ ಇಡಲು ನೆರಳಿನ ವ್ಯವಸ್ಥೆ ಮಾಡದೆ ಇರುತ್ತಾರೆಯೇ? ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.

ಇದು ಯಾವ ಸಾಲು ಎಂದು ಮುಂದಿನವಳನ್ನು ಒಂದು ಮಾತು ಕೇಳಬಹುದಿತ್ತಲ್ಲ ಎಂದು ನೀವು ಅನ್ನುತ್ತೀರಿ. ನಮ್ಮಲ್ಲಿ ಹಾಗೆ ಕೇಳುವುದಿಲ್ಲ. ಸಾಲು ಕಂಡರೆ ನಿಲ್ಲುತ್ತೇವೆ. ಕೇಳಿದರೆ ತಿಳಿಯದವಳು ಎಂದಾಗುತ್ತದೆ, ಜೊತೆಗೆ ಮುಂದೆ ನುಗ್ಗಲು ನೆಪ ಹುಡುಕುತ್ತಿದ್ದಾಳೆ ಎಂಬ ಅನುಮಾನ ಬೇರೆ. ನಿಂತು, ತುದಿ ಮುಟ್ಟಿ, ಅಲ್ಲಿ ಏನು ಕೊಡುತ್ತಾರೋ ಅದನ್ನು ತೆಗೆದುಕೊಂಡು ಥ್ಯಾಂಕ್ಸ್ ಹೇಳಿ ಬರುವುದೇ ಮರ್ಯಾದೆ. ನನ್ನ ಸೋದರಮಾವ ಒಬ್ಬರು ಹೀಗೆಯೇ ನಿಂತು, ಗುರುತಿಲ್ಲದವರ ಶವಕ್ಕೆ ಹೂವಿಟ್ಟು ಬಂದಿದ್ದರು.

ಮೇಜಿನ ಹಿಂದೆ ಕೂತಿದ್ದ ಹೆಂಗಸು ತಲೆ ಎತ್ತಲಿಲ್ಲ. "ಹೆಸರು, ಊರು?"

ಹಿಲ್ಡಾ ಹೇಳಿದಳು.

"ಏನು ತಂದಿದೀರಿ?"

"ಸ್ಪಂಜ್. ಜ್ಯಾಮ್ ಹಾಕಿದ್ದು."

"ಸರಿ, ಡಬ್ಬಿ ನಿಮ್ಮ ಹತ್ರಾನೇ ಇರ್ಲಿ. ಕೇಕ್ ಮಾತ್ರ ಈ ತಟ್ಟೆ ಮೇಲಿಡಿ," ಎಂದು ಲೇಸಿನಂಥ ಬಿಳಿ ಕಾಗದ ಹಾಸಿದ ತಟ್ಟೆ ತಳ್ಳಿ, ಒಂದು ನಂಬರಿನ ಚೀಟಿ ಹರಿದು ಕೊಟ್ಟಳು.

ಅಬ್ಬಾ, ಎಂಥ ಅಚ್ಚುಕಟ್ಟು ಎಂದುಕೊಂಡಳು ಹಿಲ್ಡಾ. ಬುತ್ತಿ ಕಾಯಲು ಇಟ್ಟರೂ ಕಸೂತಿ ಕಾಗದದ ಮೇಲೆ ಇಡುತ್ತಾರಲ್ಲ. ಚೀಟಿಯನ್ನು ಕೈಗವಸಿನೊಳಗೆ ತೂರಿಸಿ, ಖಾಲಿ ಡಬ್ಬಿಯನ್ನು ಉಣ್ಣೆಯ ಕೆಳಗೆ ಹುದುಗಿಸಿ, ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಓಡೋಡಿ ಬಂದಳು. ಬಾಗಿಲು ಕಾಯುವವನು ಚೀಲ ನೋಡಿ ಹುಬ್ಬೇರಿಸಿದ. ಉಣ್ಣೆ ಕಂಡು ಸುಮ್ಮನಾದ.

ಮನೆಯೇನೋ ದೊಡ್ಡದಿತ್ತು. ಹೆಂಗಸರೆಲ್ಲ ಹಗ್ಗದ ಈಚೆ ಸಾಲಾಗಿ ನಡೆದು, ಹಗ್ಗದ ಆಚೆ ಇದ್ದ ಮಂಚ, ಕನ್ನಡಿ, ಚಾವಣಿಯಲ್ಲಿ ಚಿತ್ರಿಸಿದ್ದ ಬೆತ್ತಲೆ ದೇವತೆಗಳನ್ನು ನೋಡಿದರು. ಕುರ್ಚಿಗಳ ಮೇಲೆ ಯಾರೂ ಕೂರದಂತೆ ಒಂದೊಂದು ಒಣ ಮುಳ್ಳುಹೂವು ಇಟ್ಟಿದ್ದರು. "ನಮ್ಮತ್ತೆ ಬಂದಾಗ ಇದನ್ನ ಮಾಡ್ಬೇಕಿತ್ತು ನಾನು," ಎಂದು ಎಡ್ನಾ ಕೋಣೆಯ ಆ ತುದಿಯಿಂದ ದನಿಯಿಲ್ಲದೆ ತುಟಿ ಆಡಿಸಿದಳು. ಮಗ್ಗಗಳ ಗದ್ದಲದಲ್ಲಿ ಕಿವಿಗೆ ಕೆಲಸವಿರುತ್ತಿರಲಿಲ್ಲ. ಮಿಲ್ಲಿನ ಹೆಂಗಸರೆಲ್ಲ ತುಟಿ ನೋಡಿಯೇ ಮಾತು ಓದುತ್ತಿದ್ದರು. ಆ ರೂಢಿ ಮಿಲ್ಲು ಮುಚ್ಚಿದರೂ ಹೋಗಿರಲಿಲ್ಲ. ಮ್ಯಾನೇಜರರ ಹೆಂಡತಿಯಾಗಿದ್ದ ಮಿಸೆಸ್ ಕ್ಲೆಗ್ ಅವರಿಗೆ ಮಾತ್ರ ಈ ವಿದ್ಯೆ ಬರುತ್ತಿರಲಿಲ್ಲ. ಚರ್ಚಿನಲ್ಲಿ ತಮ್ಮ ಬೆನ್ನ ಹಿಂದೆ ಎಷ್ಟೊಂದು ಭಾಷಣ ನಡೆಯುತ್ತಿತ್ತು ಎಂಬುದು ಅವರಿಗೆ ಗೊತ್ತಿಲ್ಲದ್ದು ಒಳ್ಳೆಯದೇ ಆಯಿತು.

ಊಟದ ಹೊತ್ತಾಯಿತು. ಉಳಿದವರು ಕೆರೆಯ ಕಡೆ ನಡೆದರೆ ಹಿಲ್ಡಾ ಚೀಟಿ ಹಿಡಿದು ಶಾಮಿಯಾನಕ್ಕೆ ಬಂದಳು. ಹಿಂದಿನ ಮೇಜು ಇರಲಿಲ್ಲ. ಸುತ್ತು ಹಾಕಿ ಮುಂಬಾಗಿಲಿಗೆ ಹೋದಳು. ಅಲ್ಲಿ ಆಳೆತ್ತರದ ಫಲಕ: ಕಾಲ್ಡರ್‌ವಿಕ್ ಫಲಪುಷ್ಪ ಪ್ರದರ್ಶನ ಮತ್ತು ಸ್ಪರ್ಧೆ. ಬಾಗಿಲಿಗೆ ಅಡ್ಡ ಹಗ್ಗ. ಹಗ್ಗದ ಬಳಿ ಎದೆಗೆ ಹಸಿರು ರಿಬ್ಬನ್ ಚುಚ್ಚಿಕೊಂಡ ಮುದುಕ.

"ನನ್ನ ಕೇಕ್ ಬೇಕಿತ್ತು," ಎಂದಳು ಹಿಲ್ಡಾ. ಚೀಟಿ ಮುಂದೆ ಹಿಡಿದಳು.

"ಈಗ ಹೆಂಗಮ್ಮಾ ಆಗುತ್ತೆ? ತೀರ್ಪು ನಡೀತಾ ಇದೆ. ಮುಗಿಯೋವರೆಗೂ ಒಂದು ಬಟಾಣಿ ಕೂಡ ಅಲುಗಾಡೋ ಹಾಗಿಲ್ಲ."

"ನಾನು ಸ್ಪರ್ಧೆಗೆ ಕೊಟ್ಟಿದ್ದಲ್ಲ. ಇಟ್ಕೊಂಡಿರ್ತೀರಿ ಅಂತ ಕೊಟ್ಟಿದ್ದು."

ಮುದುಕ ಅವಳನ್ನು ಕನಿಕರದಿಂದ ನೋಡಿದ. "ಸಾಲಲ್ಲಿ ನಿಂತಿದ್ರಾ?"

"ನಿಂತಿದ್ದೆ."

"ಅಷ್ಟೇ ಮತ್ತೆ," ಎಂದ. ಇಂಗ್ಲೆಂಡಿನಲ್ಲಿ ಅದರ ಮೇಲೆ ಅಪೀಲು ಇಲ್ಲ.

ಹಗ್ಗದ ಆಚೆ, ಶಾಮಿಯಾನದ ತುದಿಯಲ್ಲಿ, ಬಿಳಿ ಕೋಟಿನ ದಪ್ಪನೆಯ ತೀರ್ಪುಗಾರ್ತಿ ಚಾಕು ಹಿಡಿದು ಮೇಜಿನಿಂದ ಮೇಜಿಗೆ ಹೋಗುತ್ತಿದ್ದಳು. ದನಿ ಕೇಳಿಸುವಷ್ಟು ಹತ್ತಿರವಿರಲಿಲ್ಲ. ಆದರೆ ಹಿಲ್ಡಾಳಿಗೆ ದನಿ ಬೇಕಿರಲಿಲ್ಲ. ತೀರ್ಪುಗಾರ್ತಿ ಒಂದು ಕೇಕಿನಿಂದ ಬೆರಳಗಲದ ಚೂರು ಕತ್ತರಿಸಿ, ಬಾಯಿಗಿಟ್ಟು, ಕಣ್ಣು ಮುಚ್ಚಿ, ತೆರೆದು, ಪಕ್ಕದವಳ ಕಡೆ ತಿರುಗಿದಳು. ತುಟಿಗಳು ಸ್ಪಷ್ಟವಾಗಿ ಆಡಿದವು: "ಇದು ರಾಸ್ಪ್‌ಬೆರಿ ಅಲ್ಲ. ಡ್ಯಾಮ್ಸನ್." ಆಮೇಲೆ ತಲೆ ಅಲ್ಲಾಡಿಸಿ, ಕಿವಿಯ ಮೇಲಿದ್ದ ಕೆಂಪು ಪೆನ್ಸಿಲ್ ತೆಗೆದಳು. ಅಷ್ಟರಲ್ಲಿ ಮುದುಕ ನಡುವೆ ಬಂದು ನಿಂತ.

ಅದು ತನ್ನದೇ ಕೇಕು ಎಂದು ಹಿಲ್ಡಾಳಿಗೆ ತಿಳಿಯಿತು. ಸ್ಪರ್ಧೆಯ ಸ್ಪಂಜಿಗೆ ರಾಸ್ಪ್‌ಬೆರಿ ಜ್ಯಾಮೇ ಆಗಬೇಕು, ಬೇರೆ ಏನು ಹಾಕಿದರೂ ಹೊರಗೆ. ಇದು ನಮ್ಮ ನಾಡಿನ ಹೆಂಗಸರಿಗೆ ಬೈಬಲಿನ ಹತ್ತು ಆಜ್ಞೆಗಳ ಜೊತೆಗೇ ಕಲಿಸುವ ಹನ್ನೊಂದನೆಯದು. ಅವಳಿಗೂ ಗೊತ್ತಿತ್ತು. ಆದರೆ ಅವಳು ಮಾಡಿದ್ದು ಸ್ಪರ್ಧೆಗಲ್ಲ. ಹಿತ್ತಿಲಿನ ಡ್ಯಾಮ್ಸನ್ ಮರದ ಹುಳಿ ನೇರಳೆ ಹಣ್ಣುಗಳನ್ನು ವಿಲ್ಫ್ ಏಣಿ ಹಾಕಿ ಕಿತ್ತು ಕೊಟ್ಟಿದ್ದ. ಅವನು ಕಿತ್ತ ಹಣ್ಣಿನ ಕೊನೆಯ ಜಾಡಿ ಅದು. ಅದನ್ನು ಇವತ್ತಿಗೆಂದೇ ತೆರೆದಿದ್ದಳು. ಈಗ ಅದರ ಮೇಲೆ ಕೆಂಪು ಪೆನ್ಸಿಲ್ ಬಿತ್ತು.

ಕೆರೆಯ ದಂಡೆಯಲ್ಲಿ ಅವಳು ನ್ಯಾಪ್ಕಿನ್ ಹಂಚಿದಳು. ಮಿಸೆಸ್ ಕ್ಲೆಗ್ ತಮ್ಮ ಒಣಹಣ್ಣಿನ ಕೇಕು ಕತ್ತರಿಸಿ ಕೊಟ್ಟರು. ಕೈಗೆ ಕೊಟ್ಟಾಗ ಕಲ್ಲಿನಂತಿತ್ತು, ಬಾಯಲ್ಲಿ ಮರಳಿನಂತಾಯಿತು. "ತುಂಬ ಚೆನ್ನಾಗಿದೆ ಮಿಸೆಸ್ ಕ್ಲೆಗ್," ಎಂದು ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಹೇಳಿದರು.

ಎಡ್ನಾ ಎದುರಿಗೆ ಕೂತು ತುಟಿ ಆಡಿಸಿದಳು. "ಉಣ್ಣೆ ಎಲ್ಲೇ?"

ಹಿಲ್ಡಾ ತುಟಿಯಲ್ಲೇ ಎಲ್ಲವನ್ನೂ ಹೇಳಿದಳು. ಸಾಲು, ಚೀಟಿ, ಡ್ಯಾಮ್ಸನ್, ಕೆಂಪು ಪೆನ್ಸಿಲ್. ಎಡ್ನಾ ಬಾಯಲ್ಲಿದ್ದ ಕ್ಲೆಗ್ ಕೇಕು ಗಂಟಲಿಗೆ ಸಿಕ್ಕಿ ಕೆಮ್ಮತೊಡಗಿದಳು.

"ನಗ್ಬೇಡ್ವೇ. ನಾನು ಬಸ್ಸಲ್ಲಿ ಹೋಗಿ ಕೂತಿರ್ತೀನಿ. ಚೀಟಿ ನಿನ್ನ ಹತ್ರ ಇರ್ಲಿ, ತಟ್ಟೇಲಿರೋದನ್ನ ಯಾರಿಗೂ ಕಾಣದ ಹಾಗೆ ತಂದುಬಿಡು."

ಆದರೆ ಅಷ್ಟರಲ್ಲಿ ಮಿಸೆಸ್ ಕ್ಲೆಗ್ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಅಲ್ಲೊಂದು ಫಲಪುಷ್ಪ ಪ್ರದರ್ಶನ ಇದೆಯಂತೆ. ಬಸ್ಸು ಹೊರಡೋಕೆ ಇನ್ನೂ ಹೊತ್ತಿದೆ, ಎಲ್ಲರೂ ಒಟ್ಟಿಗೆ ನೋಡೋಣ. ಹಿಲ್ಡಾ, ನೀನು ನನ್ನ ಜೊತೆ ಬಾಮ್ಮ. ನಿನಗೂ ಸ್ವಲ್ಪ ಗೆಲುವಾಗುತ್ತೆ." ತೋಳು ಹಿಡಿದರು. ಬಿಡಿಸಿಕೊಳ್ಳುವುದು ಹೇಗೆ?

ಶಾಮಿಯಾನದೊಳಗೆ ಹಿಲ್ಡಾ ಈರುಳ್ಳಿಯ ಮುಂದೆ ಸಾಧ್ಯವಾದಷ್ಟು ಹೊತ್ತು ನಿಂತಳು. ಸೌತೆಕಾಯಿಗಳನ್ನು ಭಕ್ತಿಯಿಂದ ನೋಡಿದಳು. ತುದಿಯ ಮೇಜಿನ ಬಳಿ ಜನ ಮುತ್ತಿಕೊಂಡು ನಿಂತಿದ್ದರು, ನಗುವಿನ ಸದ್ದು ಬರುತ್ತಿತ್ತು. ಮಿಸೆಸ್ ಕ್ಲೆಗ್ ಅವರಿಗೆ ಗುಂಪು ಕಂಡರೆ ಸುಮ್ಮನಿರಲಾಗುತ್ತದೆಯೇ, ತೋಳು ಹಿಡಿದುಕೊಂಡೇ ನುಗ್ಗಿದರು. ಥಾರ್ನ್‌ಕ್ಲಫ್ ಸಂಘ ಪೂರ್ತಿ ಹಿಂದೆ ಬಂತು.

ಸ್ಪಂಜ್ ಕೇಕುಗಳು ಸಾಲಾಗಿ ಕೂತಿದ್ದವು. ಮೊದಲ ಬಹುಮಾನದ್ದು, ಎರಡನೆಯದು, ಮೂರನೆಯದು. ಒಂದೊಂದರಿಂದಲೂ ತೀರ್ಪುಗಾರ್ತಿ ತೆಗೆದ ಬೆರಳಗಲದ ಚೂರು ಮಾತ್ರ ಹೋಗಿತ್ತು. ಎಲ್ಲ ಗುಂಡಗೆ, ಚೆಂದಗೆ, ಯಾರಿಗೂ ಬೇಡವಾಗಿ ಕೂತಿದ್ದವು. ಕೊನೆಯಲ್ಲಿ ಒಂದು ತಟ್ಟೆ. ಅದರ ಮೇಲೆ ಕಸೂತಿ ಕಾಗದ, ಕಾಗದದ ಮೇಲೆ ನೇರಳೆ ಬಣ್ಣದ ಒಂದು ಕಲೆ, ಒಂದಿಷ್ಟು ಪುಡಿ. ಬೇರೇನೂ ಇಲ್ಲ. ಪಕ್ಕದ ಕಾರ್ಡಿನಲ್ಲಿ ದಪ್ಪ ಅಕ್ಷರ: ಮಿಸೆಸ್ ಎಚ್. ಎಂಟ್ವಿಸಲ್, ಥಾರ್ನ್‌ಕ್ಲಫ್. ಅದರ ಕೆಳಗೆ ಕೆಂಪು ಪೆನ್ಸಿಲ್‌ನಲ್ಲಿ: ನಿಯಮದಂತಿಲ್ಲ.

ಮಿಸೆಸ್ ಕ್ಲೆಗ್ ಕಾರ್ಡು ಓದಿದರು. ಕನ್ನಡಕ ಹಾಕಿಕೊಂಡು ಮತ್ತೆ ಓದಿದರು. ಹಿಡಿದ ತೋಳು ಬಿಟ್ಟರು.

"ಈ ಕೇಕ್ ಎಲ್ಲಿ?" ಎಂದು ಹಸಿರು ರಿಬ್ಬನ್ನಿನ ಮುದುಕನನ್ನು ಕೇಳಿದ್ದು ಎಡ್ನಾ.

"ಅದೊಂದು ಕಥೆ," ಎಂದ ಮುದುಕ. ಆಗಲೇ ಹಲವು ಸಲ ಹೇಳಿ ನಾಲಿಗೆ ಪಳಗಿತ್ತು. "ತೀರ್ಪುಗಾರ್ತಿ ಮೇಡಂ ಒಂದು ಚೂರು ತಿಂದು, ಡ್ಯಾಮ್ಸನ್ ಜ್ಯಾಮ್, ನಡೆಯಲ್ಲ ಅಂತ ಬರೆದುಬಿಟ್ರು. ಬರೆದಾದ ಮೇಲೆ, ತಪ್ಪು ಬರೆದಿರಬಾರದು ನೋಡಿ, ಇನ್ನೊಂದು ಚೂರು ತಿಂದು ಖಾತ್ರಿ ಮಾಡ್ಕೊಂಡ್ರು. ಆಮೇಲೆ ನನ್ನ ಕರೆದು, ನೀನೂ ಒಂದು ಸಲ ಖಾತ್ರಿ ಮಾಡು ಅಂದ್ರು. ನಾನು ಮಾಡಿದೆ. ಅಷ್ಟೊತ್ತಿಗೆ ಬಂಗಲೆಯಿಂದ ಲಾರ್ಡ್ ಅವರ ಹೆಂಡತಿ ಲೇಡಿಯವರು ಬಂದ್ರು. ಅವರು ಒಂದೇ ಸಲ ಖಾತ್ರಿ ಮಾಡಿ ಬಿಡೋರಲ್ಲ."

"ಸ್ಪರ್ಧೆಗೆ ಇಟ್ಟಿದ್ದನ್ನ ಹಂಗೆಲ್ಲ ತಿನ್ನಬಹುದಾ?"

"ಸ್ಪರ್ಧೇಲಿರೋದನ್ನ ಮುಟ್ಟೋ ಹಾಗೇ ಇಲ್ಲ, ಸಂಜೆವರೆಗೂ ಪ್ರದರ್ಶನಕ್ಕಿರ್ಬೇಕು. ಆದ್ರೆ ಹೊರಗೆ ಹಾಕಿದ್ದನ್ನ ಮುಟ್ಟಬಾರದು ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ಲೇಡಿಯವರೇ ಪುಸ್ತಕ ತೆಗೆಸಿ ನೋಡಿದ್ರು." ಮುದುಕ ಮೊದಲ ಬಹುಮಾನದ ಕೇಕಿನ ಕಡೆ ಗಲ್ಲ ತೋರಿಸಿದ. "ಇದನ್ನ ಯಾರೂ ಎರಡನೇ ಸಲ ಕೇಳಲಿಲ್ಲ."

ಮತ್ತೆ ಆ ಮೌನ. ಹಿಲ್ಡಾಳಿಗೆ ಆ ಮೌನದ ಪರಿಚಯ ಚೆನ್ನಾಗಿಯೇ ಇತ್ತು. ಸುಗ್ಗಿಯ ಚಹಾಕೂಟದ್ದೇ ಅದು. ಇನ್ನೇನು ಯಾರೋ ಹವಾಮಾನದ ಮಾತು ಎತ್ತುತ್ತಾರೆ, ಎಲ್ಲರೂ ಆಲೂಗಡ್ಡೆಯ ಕಡೆ ಸರಿಯುತ್ತಾರೆ, ಮುಂದಿನ ಕೂಟಕ್ಕೆ ಮತ್ತೆ ನ್ಯಾಪ್ಕಿನ್. ಅವಳಿಗೆ ಸಿಟ್ಟು ಬಂತು. ವಿಲ್ಫ್ ಹೋದಂದಿನಿಂದ ಬಾರದೆ ಇದ್ದ ಸಿಟ್ಟು.

"ನಂದೇ ಅದು," ಎಂದಳು ಗಟ್ಟಿಯಾಗಿ. "ವಿಲ್ಫ್ ಕಿತ್ತ ಹಣ್ಣು. ನಿಮಗೆಲ್ಲ ಅಂತ ತಂದಿದ್ದೆ."

ಆಗ ಮಿಸೆಸ್ ಕ್ಲೆಗ್ ಮಾಡಿದ ಕೆಲಸವನ್ನು ಥಾರ್ನ್‌ಕ್ಲಫ್‌ನಲ್ಲಿ ಈಗಲೂ ಹೇಳಿಕೊಳ್ಳುತ್ತಾರೆ. ಅವರು ಬಲಗೈಯ ಬಿಳಿ ಕೈಗವಸನ್ನು ನಿಧಾನವಾಗಿ ಕಳಚಿದರು. ತೋರುಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡರು. ಪರಸ್ಥಳದಲ್ಲಿ, ಪರರ ತಟ್ಟೆಯಲ್ಲಿ, ಎಲ್ಲರೆದುರಿಗೆ, ಆ ಬೆರಳನ್ನು ಪುಡಿಯ ಮೇಲೆ ಒತ್ತಿ ಬಾಯಿಗೆ ಇಟ್ಟುಕೊಂಡರು. ಇನ್ನೊಮ್ಮೆ ಒತ್ತಿದರು. ಆಮೇಲೆ ನೇರಳೆ ಕಲೆಯನ್ನೂ ಬಿಡದೆ ಸವರಿ ನೆಕ್ಕಿದರು.

"ಹಿಲ್ಡಾ," ಎಂದರು. "ಹೋದ ಸುಗ್ಗಿ ಕೂಟದ ಕೇಕಲ್ಲಿ ಸಕ್ಕರೆ ಇರ್ಲಿಲ್ಲ."

ಸಂಘದ ಹೆಂಗಸರೆಲ್ಲ ಒಟ್ಟಿಗೆ ಹಿಲ್ಡಾಳ ಕಡೆ ತಿರುಗಿದರು.

"ಇರ್ಲಿಲ್ಲ, ಮಿಸೆಸ್ ಕ್ಲೆಗ್."

"ಬಾಯಲ್ಲಿಡೋಕಾಗ್ತಿರ್ಲಿಲ್ಲ."

"ಗೊತ್ತು. ಆದ್ರೂ ನೀವು ಎರಡು ತುಂಡು ತಿಂದ್ರಿ."

"ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ," ಎಂದರು ಮಿಸೆಸ್ ಕ್ಲೆಗ್. ಅವರ ಮುಖ ಕೆಂಪಾಗಿತ್ತು. "ಅವತ್ತೇ ಹೇಳ್ಬೇಕಿತ್ತು. ಇದ್ರಲ್ಲಿ ಸಕ್ಕರೆ ಇದೆ. ಇದ್ರಲ್ಲಿ ಎಲ್ಲಾ ಇದೆ. ನನ್ನ ಕೇಕನ್ನ ಕೆರೆ ಬಾತುಕೋಳಿಗೆ ಹಾಕಿದವರು ಯಾರು ಅಂತಾನೂ ನೋಡಿದೀನಿ, ಎಡ್ನಾ."

ಮೊದಲು ನಕ್ಕವಳು ಹಿಲ್ಡಾ. ಆಮೇಲೆ ಎಡ್ನಾ, ಆಮೇಲೆ ಇಡೀ ಸಂಘ. ಈರುಳ್ಳಿಯ ಮೇಜಿನ ಬಳಿ ಇದ್ದವರೂ ತಿರುಗಿ ನೋಡುವಷ್ಟು ನಗು. ನಗುತ್ತಲೇ ಹಿಲ್ಡಾಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳುವ ಗೋಜಿಗೆ ಅವಳು ಹೋಗಲಿಲ್ಲ. ಮುದುಕನನ್ನು ಕೇಳಿ ಆ ಕಾರ್ಡನ್ನು ಈಸಿಕೊಂಡಳು. ಮೊದಲ ಬಹುಮಾನದವಳು, ಬಹುಮಾನದ ಕೆಂಪು ಕಾರ್ಡನ್ನು ಕೈಯಲ್ಲಿ ಹಿಡಿದೇ, ಬಂದು ಡ್ಯಾಮ್ಸನ್ ಜ್ಯಾಮು ಮಾಡುವ ಬಗೆ ಕೇಳಿದಳು. ಹಿಲ್ಡಾ ಹೇಳಿಕೊಟ್ಟಳು, ಒಂದು ವಿಷಯ ಬಿಟ್ಟು.

ಸಂಜೆ ಬಸ್ಸು ಹೊರಟಾಗ ಅವಳ ತೊಡೆಯ ಮೇಲೆ ಉಣ್ಣೆ ಇರಲಿಲ್ಲ, ಖಾಲಿ ಡಬ್ಬಿ ಎಲ್ಲರಿಗೂ ಕಾಣುವಂತೆ ಇತ್ತು. ಟೋಪಿಯ ಪಟ್ಟಿಗೆ ಆ ಕಾರ್ಡು ಸಿಕ್ಕಿಸಿಕೊಂಡಿದ್ದಳು, ಕೆಂಪು ಅಕ್ಷರ ಮುಂದೆ ಬರುವಂತೆ. ಬೆಟ್ಟ ಇಳಿಯುವಾಗ ಹಾಡು ಶುರುವಾಯಿತು. ಮುಂದಿನ ಸೀಟಿನಲ್ಲಿ ಮಿಸೆಸ್ ಕ್ಲೆಗ್ ಪೆನ್ನು ಹಿಡಿದು, ಈ ವರ್ಷದ ಸುಗ್ಗಿ ಕೂಟಕ್ಕೆ ಯಾರು ಏನು ತರಬೇಕೆಂದು ಬರೆಯತೊಡಗಿದ್ದರು.

ಹಿಲ್ಡಾ ಎದ್ದು, ಸೀಟುಗಳನ್ನು ಹಿಡಿದುಕೊಂಡು ಮುಂದೆ ಹೋದಳು. ಉಳಿದಿದ್ದ ಪೇಪರ್ ನ್ಯಾಪ್ಕಿನ್ನುಗಳ ಕಟ್ಟನ್ನು ಮಿಸೆಸ್ ಕ್ಲೆಗ್ ಅವರ ಮಡಿಲಲ್ಲಿ ಇಟ್ಟಳು.

"ಇವು ನಿಮ್ಮ ಹತ್ರ ಇರ್ಲಿ," ಎಂದಳು. "ಮುಂದಿನ ಸಲ ನೀವೇ ತನ್ನಿ."